ದೋಟಿಯ ಗುಣ ಬರೆದಾಯಿತು, ದೋಷ ಬರೆಯಬೇಕೇ?

ಪ್ರಶ್ನೆ: ನಾನು ಸಿರ್ಸಿ ತಾಲೂಕಿನ ಹಳ್ಳಿಯವಳು. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದು ಮೂರು ವರ್ಷವಾಯಿತು. ತೋಟಕ್ಕೆ, ಮಲೆನಾಡಿನ ಮನೆಗೆ ಬೇಕಾಗುವ ಸಾಮಾನುಗಳ ಬಗ್ಗೆ ಕನ್ನಡದಲ್ಲಿ ಬ್ಲಾಗ್ ಬರೆಯುತ್ತೇನೆ. ನಾನು ಕೊಟ್ಟ ಲಿಂಕಿನಿಂದ ಯಾರಾದರೂ ಕೊಂಡರೆ ನನಗೆ ಕಮಿಷನ್ ಬರುತ್ತದೆ. ಈಗ ಕಾರ್ಬನ್ ಫೈಬರ್ ದೋಟಿ (ನೆಲದಲ್ಲಿ ನಿಂತೇ ಅಡಿಕೆ ಗೊನೆ ಕೊಯ್ಯುವ ಉದ್ದನೆಯ ಕೋಲು) ಮಾರುವ ಕಂಪನಿಯೊಂದು ಒಂದು ದೋಟಿಗೆ 1,500 ರೂಪಾಯಿ ಕೊಡುತ್ತೇನೆಂದಿದೆ. ನಮ್ಮ ಮನೆಯಲ್ಲಿ ಒಂದು ಕೊಯ್ಲು ಪೂರ್ತಿ ಅದರಲ್ಲೇ ಆಗಿದೆ. ವಸ್ತು ಒಳ್ಳೆಯದೇ. ಆದರೆ ಕುತ್ತಿಗೆ ನೋಯುತ್ತದೆ, ಪೂರ್ತಿ ಎತ್ತಿದರೆ ಬಳುಕುತ್ತದೆ, ಒಂದು ಲಾಕ್ ಎರಡೇ ತಿಂಗಳಲ್ಲಿ ಸಡಿಲಾಯಿತು. ಇದನ್ನೆಲ್ಲ ಸೇರಿಸಿ ಕಂಪನಿಗೆ ಕರಡು ಕಳಿಸಿದೆ (ಅದನ್ನೇ ನಿಮಗೂ ಕಳಿಸಿದ್ದೇನೆ). ‘ಪಾಸಿಟಿವ್ ಆಗಿ ಬರೆಯಿರಿ ಮೇಡಂ, ಕರೆಂಟ್ ತಂತಿಯ ವಿಷಯವಂತೂ ಎತ್ತಲೇಬೇಡಿ’ ಎಂದರು. ನಾನು ದುಡ್ಡು ಕೊಟ್ಟು ಸೇರಿದ್ದ ಆನ್‌ಲೈನ್ ಕ್ಲಾಸಿನಲ್ಲೂ ಇದನ್ನೇ ಹೇಳಿದ್ದರು: ದೋಷ ಬರೆದರೆ ಓದುಗ ಕೊಳ್ಳದೆ ಹೋಗುತ್ತಾನೆ ಎಂದು. ಪ್ರಾಮಾಣಿಕವಾಗಿ ಬರೆದು ಈ ಕೆಲಸದಲ್ಲಿ ಉಳಿಯಲಿಕ್ಕೆ ಆಗುತ್ತದೆಯೇ?

ಉತ್ತರ: ಮೊದಲು ಕರೆಂಟ್ ತಂತಿಯ ವಿಷಯ ಮುಗಿಸಿಬಿಡುತ್ತೇನೆ, ಯಾಕೆಂದರೆ ಅದರಲ್ಲಿ ಚರ್ಚೆಗೆ ಜಾಗವಿಲ್ಲ. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ. ಕಬ್ಬಿಣ ಅಲ್ಲವಲ್ಲ, ಪ್ಲಾಸ್ಟಿಕ್ಕಿನ ಹಾಗೆ ಹಗುರ ಇದೆಯಲ್ಲ, ಶಾಕ್ ಹೊಡೆಯಲಿಕ್ಕಿಲ್ಲ ಎಂದು ನಂಬಿ ಕೈಗೆತ್ತಿಕೊಳ್ಳುವವರು ಇದ್ದಾರೆ. ನಮ್ಮ ತೋಟಗಳ ಅಂಚಿನಲ್ಲಿ, ಕೆಲವು ಕಡೆ ತಲೆಯ ಮೇಲೇ, ತಂತಿ ಹಾದುಹೋಗಿರುತ್ತದೆ. 60 ಅಡಿ ಎತ್ತಿದ ದೋಟಿ ನೀವೇ ಬರೆದ ಹಾಗೆ ಬಳುಕುತ್ತದೆ. ಬಳುಕಿದ್ದು ಯಾವ ಕಡೆ ವಾಲುತ್ತದೆ ಎಂದು ಕೆಳಗೆ ನಿಂತವನ ಕೈಯಲ್ಲಿಲ್ಲ. ಹೈ ಟೆನ್ಷನ್ ತಂತಿಯಾದರೆ ತಾಗುವುದೂ ಬೇಡ, ತೀರ ಹತ್ತಿರ ಹೋದರೆ ಸಾಕು. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವಾಗಂತೂ ದೋಟಿಗೆ ಕಟ್ಟಿದ ಪೈಪಿನ ತುಂಬ ಮೈಲುತುತ್ತ ಸುಣ್ಣದ ನೀರು, ಕೈ ಒದ್ದೆ, ಕಾಲಡಿಯ ಮಣ್ಣು ಒದ್ದೆ. ಇದನ್ನು ಬರೆಯಬೇಡಿ ಎಂದು ಹೇಳುವ ಹಕ್ಕು 1,500 ರೂಪಾಯಿಗೂ ಇಲ್ಲ, ಹದಿನೈದು ಸಾವಿರಕ್ಕೂ ಇಲ್ಲ. ಬರಹದ ಕೊನೆಯಲ್ಲಿ ಅಲ್ಲ, ಬೆಲೆ ಹೇಳುವುದಕ್ಕೂ ಮೊದಲೇ ಬರೆಯಿರಿ.

ಉಳಿದದ್ದರಲ್ಲಿ ಮಾತಾಡಲಿಕ್ಕೆ ಜಾಗ ಇದೆ. ನಿಮ್ಮ ಕ್ಲಾಸಿನವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಕೊಳ್ಳಲೆಂದೇ ಬಂದವನಿಗೆ ಹತ್ತು ಅನುಮಾನ ಹುಟ್ಟಿಸಿ ಕಳಿಸಿದರೆ ಅವನು ಕೊಳ್ಳುವುದಿಲ್ಲ, ನಿಜ. ಪ್ರಾಮಾಣಿಕತೆಯಿಂದ ಮಾರಾಟ ತಾನಾಗಿ ಏರುತ್ತದೆ ಎಂದು ಕೆಲವರು ಉಪದೇಶ ಮಾಡುತ್ತಾರೆ. ಇಪ್ಪತ್ತೆರಡು ವರ್ಷ ಜಾಹೀರಾತು ಬರೆದು ಹೊಟ್ಟೆ ಹೊರೆದವನು ನಾನು. ಅಂಥ ಭರವಸೆ ಕೊಡಲಾರೆ. ಕೆಲವು ತಿಂಗಳು ಕಡಿಮೆಯೇ ಬರುತ್ತದೆ. ಆದರೆ ‘ಪಾಸಿಟಿವ್ ಅಥವಾ ಪ್ರಾಮಾಣಿಕ’ ಎಂದು ಎರಡು ತಕ್ಕಡಿ ಹಿಡಿದು ಕೂತದ್ದೇ ತಪ್ಪಿನ ಬುಡ ಅಂತ ನನಗೆ ಅನ್ನಿಸುತ್ತದೆ. ಕೇಳಬೇಕಾದದ್ದು ಬೇರೆ: ಈ ವಸ್ತು ಯಾರಿಗೆ, ಯಾರಿಗೆ ಅಲ್ಲ?

ಇದು ನಿಮಗೆ ಗೊತ್ತಿಲ್ಲದ ವ್ಯಾಪಾರವೇನಲ್ಲ. ಸಿರ್ಸಿಯ ಯಾವುದೇ ಅಡಿಕೆ ವಖಾರಿಗೆ ಹೋಗಿ ನೋಡಿ. ರಾಶಿ ಬೇರೆ, ಬೆಟ್ಟೆ ಬೇರೆ, ಚಾಲಿ ಬೇರೆ. ಕೆಂಪುಗೋಟು, ಬಿಳಿಗೋಟು, ಕೋಕಾ, ಒಂದೊಂದಕ್ಕೂ ಒಂದೊಂದು ಗುಂಪು, ಒಂದೊಂದು ದರ. ಕೋಕಾ ಕೀಳು ದರ್ಜೆಯ ಅಡಿಕೆ, ಆದರೆ ಹಾಗೆಂದು ಬರೆದ ಮಾತ್ರಕ್ಕೆ ಅದನ್ನು ಯಾರೂ ಕೊಳ್ಳದೆ ಬಿಡುವುದಿಲ್ಲ. ಅದು ಬೇಕಾದವನು ಅದರ ದರಕ್ಕೆ ಕೊಳ್ಳುತ್ತಾನೆ. ಕೋಕಾವನ್ನು ಚಾಲಿಯ ಚೀಲದಲ್ಲಿ ಬೆರೆಸಿದಾಗ ಮಾತ್ರ ತಕರಾರು. ವ್ಯಾಪಾರಿ ಚೀಲದ ಮೇಲಿನ ಅಡಿಕೆ ನೋಡಿ ದರ ಬರೆಯುವುದಿಲ್ಲ, ಕೈ ಒಳಗೆ ಹಾಕುತ್ತಾನೆ. ಒಮ್ಮೆ ಬೆರಕೆ ಸಿಕ್ಕಿದ ಮನೆಯ ಅಡಿಕೆ ಅಂದರೆ ಮುಂದಿನ ಸಲ ಎರಡು ಸಲ ಕೈ ಹಾಕುತ್ತಾನೆ. ದೋಷ ಹೇಳುವುದು ಎಂದರೆ ಮಾಲು ಕೆಡಿಸುವುದಲ್ಲ, ವಿಂಗಡಿಸುವುದು. ನಿಮ್ಮ ಅಜ್ಜಿ ಅಂಗಳದಲ್ಲಿ ಕೂತು ಮಾಡುತ್ತಿದ್ದ ಕೆಲಸವನ್ನೇ ನೀವು ಲ್ಯಾಪ್‌ಟಾಪಿನಲ್ಲಿ ಮಾಡುತ್ತಿದ್ದೀರಿ.

ಕಾರವಾರದಲ್ಲಿ ಆರು ವರ್ಷ ಬಾಡಿಗೆ ಮನೆಯಲ್ಲಿದ್ದೆ. ಮೀನು ಪೇಟೆಯಲ್ಲಿ ಮೀನು ಮಾರುವ ಹೆಂಗಸೊಬ್ಬರು ಕೂರುತ್ತಿದ್ದರು. ಬೇರೆಯವರು ಕಿವಿರು ಎತ್ತಿ ತೋರಿಸಿ ‘ಈಗಷ್ಟೇ ಬಂದದ್ದು’ ಅನ್ನುವಾಗ ಇವರು ಬಂಗಡೆಯ ಒಂದು ಗುಂಪನ್ನು ಬದಿಗೆ ಸರಿಸಿ ‘ಇದು ನಿನ್ನೇದು, ಸಾರಿಗೆ ಬೇಡ, ಹುರೀಲಿಕ್ಕೆ ಆಗ್ತದೆ, ದರ ಕಡಿಮೆ’ ಎಂದು ಹೇಳಿ ಕೊಡುತ್ತಿದ್ದರು. ನಿನ್ನೆಯ ಬಂಗಡೆಯೂ ಖರ್ಚಾಗುತ್ತಿತ್ತು, ಇಂದಿನದ್ದೂ. ಅವರಿಗೆ ಕಾಪಿರೈಟಿಂಗ್ ಕ್ಲಾಸಿನ ಸರ್ಟಿಫಿಕೇಟ್ ಇರಲಿಲ್ಲ. ‘ಸಾರಿಗೆ ಬೇಡ’ ಎಂಬ ಎರಡು ಪದ ಮೀನಿನ ದೋಷವನ್ನೂ ಹೇಳಿತು, ಉಪಯೋಗವನ್ನೂ ಹೇಳಿತು. ನಿಮ್ಮ ದೋಟಿಯ ಬಳುಕಿಗೂ ಇಂಥ ಎರಡು ಪದ ಬೇಕು.

ನನ್ನದೇ ಒಂದು ಸೋಲು ಹೇಳುತ್ತೇನೆ. ವರ್ಷಗಳ ಹಿಂದೆ ಬಟ್ಟೆ ಒಣಗಿಸುವ ಒಂದು ವಿದ್ಯುತ್ ಸಾಧನಕ್ಕೆ ಕರಪತ್ರ ಬರೆದಿದ್ದೆ. ಕಂಪನಿಯ ಹೆಸರು ಈಗ ಬೇಡ. ‘ಮಲೆನಾಡಿನ ಮಳೆಗಾಲಕ್ಕೆ ಹೇಳಿ ಮಾಡಿಸಿದ್ದು’ ಎಂಬ ಸಾಲು ನನ್ನದು. ಅದನ್ನು ಬರೆದದ್ದು ಬೆಂಗಳೂರಿನ ಮೂರನೇ ಮಹಡಿಯಲ್ಲಿ, ಬೇಸಿಗೆಯಲ್ಲಿ. ಯಲ್ಲಾಪುರದ ಹತ್ತಿರದ ನನ್ನ ಸೋದರತ್ತೆ ಆ ಕರಪತ್ರ ನೋಡಿ, ‘ನಮ್ಮ ಮಾಣಿ (ಹುಡುಗ) ಬರೆದದ್ದು’ ಎಂದು ಹೆಮ್ಮೆಯಿಂದ ಕೊಂಡಳು. ಆಷಾಢದ ಮಳೆಯಲ್ಲಿ ದಿನಕ್ಕೆ ಎಷ್ಟು ಸಲ ಕರೆಂಟ್ ಹೋಗುತ್ತದೆ, ಇದ್ದಾಗಲೂ ವೋಲ್ಟೇಜ್ ಎಷ್ಟಿರುತ್ತದೆ ಎಂದು ನನಗೆ ಹುಟ್ಟಿನಿಂದ ಗೊತ್ತು. ಗೊತ್ತಿದ್ದೂ ಬರೆದಿದ್ದೆ. ಮಳೆಗಾಲ ಕಳೆದು ಮುಂದೆ ಬಂದ ಸಿರ್ಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಅತ್ತೆ ಸಿಕ್ಕಿದಳು. ಬೈಯಲಿಲ್ಲ. ‘ಬಚ್ಚಲೊಲೆ ಮೇಲೆ ಹಗ್ಗ ಕಟ್ಟಿ ಒಣಗಿಸ್ತಾ ಇದ್ದಿ, ಅದೇ ಅಡ್ಡಿಲ್ಲೆ’ (ಒಣಗಿಸುತ್ತಿದ್ದೇನೆ, ಅದೇ ಪರವಾಗಿಲ್ಲ) ಅಂದಳು. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ ಎನ್ನುತ್ತಾರಲ್ಲ, ನಿಮ್ಮ ಓದುಗರೂ ಹಾಗೆಯೇ. ಸಿರ್ಸಿ ಪೇಟೆಯಲ್ಲಿ, ಸೊಸೈಟಿಯ ಕಟ್ಟೆಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಎದುರಿಗೆ ಸಿಗುತ್ತಾರೆ. ದೂರದ ಇಂಗ್ಲಿಷ್ ಓದುಗರಿಗೆ ಬರೆಯುವವರಿಗೆ ಈ ಭಯ ಇಲ್ಲ. ನಿಮಗೆ ಇದೆ. ಅದು ನಿಮ್ಮ ಬಂಡವಾಳ ಎಂದೇ ನಾನು ಲೆಕ್ಕ ಹಾಕುತ್ತೇನೆ.

ಈಗ ಲೆಕ್ಕದ ಮಾತು. ಕಮಿಷನ್ ಲಿಂಕ್ ಹೇಗೆ ದುಡಿಯುತ್ತದೆ ಎಂಬುದನ್ನೇ ಕ್ಲಾಸಿನವರು ಅರ್ಧ ಹೇಳಿರುತ್ತಾರೆ. ಕೊಂಡವರು ವಸ್ತು ವಾಪಸ್ ಕಳಿಸಿದರೆ ಸಾಮಾನ್ಯವಾಗಿ ನಿಮ್ಮ ಕಮಿಷನ್ನೂ ವಾಪಸ್. ಹೊಗಳಿ ಹೊಗಳಿ ತಪ್ಪು ಮನುಷ್ಯನಿಗೆ ಮಾರಿದರೆ ಆ ಸಂಪಾದನೆ ಕಾಗದದ ಮೇಲಿನದ್ದು ಮಾತ್ರ. ಅಷ್ಟುದ್ದದ ದೋಟಿಯನ್ನು ಹಳ್ಳಿಯಿಂದ ಮತ್ತೆ ಪ್ಯಾಕ್ ಮಾಡಿ ಕೊರಿಯರ್ ಆಫೀಸಿಗೆ ತಂದವನ ಬಾಯಲ್ಲಿ ನಿಮ್ಮ ಹೆಸರು ಹೇಗೆ ಬರುತ್ತದೆ ಎಂದು ಊಹಿಸಿಕೊಳ್ಳಿ. ಇನ್ನೊಂದು ಕಡೆ, ಅಮೆಜಾನಿನಂಥ ದೊಡ್ಡ ಅಂಗಡಿಗಳ ವ್ಯವಸ್ಥೆಯಲ್ಲಿ ನಿಮ್ಮ ಲಿಂಕ್ ಒತ್ತಿ ಹೋದವನು 24 ಗಂಟೆಯೊಳಗೆ ಬೇರೆ ವಸ್ತು ಕೊಂಡರೂ ನಿಮಗೆ ಏನಾದರೂ ಸೇರುವುದುಂಟು. ಅಂದರೆ ‘ನಿಮ್ಮ ತೋಟಕ್ಕೆ ಇದು ಬೇಡ, ಅದು ನೋಡಿ’ ಎಂದು ಕಳಿಸಿದರೆ ಖಾಲಿ ಕೈಯಲ್ಲೇ ಕೂರಬೇಕೆಂದಿಲ್ಲ. ನಿಮ್ಮ ದೋಟಿ ಕಂಪನಿಯ ಒಪ್ಪಂದ ಹಾಗಿಲ್ಲ, ಒಂದೇ ವಸ್ತು, ಒಂದೇ ಲಿಂಕ್. ಒಂದೇ ಕಂಪನಿಯ ಮೇಲೆ ಬದುಕು ನಿಂತರೆ ಪೆನ್ನು ಅವರ ಕೈಗೆ ಹೋಗುತ್ತದೆ. ಸತ್ಯ ಹೇಳುವ ಧೈರ್ಯ ಗುಣದಿಂದ ಎಷ್ಟು ಬರುತ್ತದೋ, ಎರಡನೇ ಮೂರನೇ ಆದಾಯದ ದಾರಿಯಿಂದಲೂ ಅಷ್ಟೇ ಬರುತ್ತದೆ. ಇದು ಅಷ್ಟು ಚಂದದ ಮಾತಲ್ಲ, ಆದರೆ ನಿಜ.

ಕಾನೂನು ಗೊತ್ತಿರಲಿ. ನಮ್ಮಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ, 2020ರ ಜುಲೈಯಿಂದ ಜಾರಿಯಲ್ಲಿದೆ. ಅದರಡಿ ರಚನೆಯಾದ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್ 9ರಂದು ದಾರಿತಪ್ಪಿಸುವ ಜಾಹೀರಾತುಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ವಸ್ತುವನ್ನು ಶಿಫಾರಸು ಮಾಡುವವರ ಮಾತು ಅವರ ನಿಜವಾದ ಅಭಿಪ್ರಾಯವಾಗಿರಬೇಕು, ಸಾಕಷ್ಟು ಮಾಹಿತಿ ಅಥವಾ ಅನುಭವದ ಮೇಲೆ ನಿಂತಿರಬೇಕು, ಮಾರುವವರ ಜೊತೆ ಹಣದ ಅಥವಾ ಬೇರೆ ಸಂಬಂಧ ಇದ್ದರೆ ಬಯಲು ಮಾಡಬೇಕು ಎಂದು ಅದರಲ್ಲಿದೆ. ದಾರಿತಪ್ಪಿಸುವ ಜಾಹೀರಾತಿಗೆ ಕಾಯ್ದೆಯ ದಂಡ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಶಿಫಾರಸು ಮಾಡಿದವರನ್ನು ಒಂದು ವರ್ಷ, ಮರುಕಳಿಸಿದರೆ ಮೂರು ವರ್ಷದವರೆಗೆ, ಯಾವ ವಸ್ತುವನ್ನೂ ಶಿಫಾರಸು ಮಾಡದಂತೆ ತಡೆಯಬಹುದು. ಹಳ್ಳಿಯಲ್ಲಿ ಕೂತು ಬರೆಯುವ ನಿಮ್ಮ ಮನೆ ಬಾಗಿಲಿಗೆ ನಾಳೆಯೇ ನೋಟಿಸು ಬರುತ್ತದೆ ಎಂದು ಹೆದರಿಸುತ್ತಿಲ್ಲ. ಆದರೆ ಅದೇ ಕಾಯ್ದೆಯಲ್ಲಿ ನಿಮಗೊಂದು ಕೊಡೆಯೂ ಇದೆ: ಹೇಳಿಕೆ ನಿಜವೇ ಎಂದು ತಕ್ಕಷ್ಟು ಪರಿಶೀಲಿಸಿ ಶಿಫಾರಸು ಮಾಡಿದವರ ಮೇಲೆ ಆ ದಂಡ ಹಾಕುವಂತಿಲ್ಲ. ನೀವು ಒಂದು ಕೊಯ್ಲು ಪೂರ್ತಿ ಬಳಸಿ ಬರೆದಿಟ್ಟ ಟಿಪ್ಪಣಿ, ಸಡಿಲಾದ ಲಾಕಿನ ಫೋಟೋ, ಕಂಪನಿಗೆ ಕಳಿಸಿದ ಮೇಲ್ ಇವೆಲ್ಲ ಆ ಪರಿಶೀಲನೆಯ ಸಾಕ್ಷಿ. ಅಳಿಸಬೇಡಿ. ‘ಕರೆಂಟ್ ವಿಷಯ ಎತ್ತಬೇಡಿ’ ಎಂದು ಅವರು ಬರೆದದ್ದನ್ನಂತೂ ಜೋಪಾನ ಮಾಡಿ.

ಇದಕ್ಕೂ ಮೊದಲೇ, 2021ರ ಜೂನ್ 14ರಿಂದ, ಜಾಹೀರಾತು ಉದ್ಯಮದವರೇ ಕಟ್ಟಿಕೊಂಡ ಆಸ್ಕಿ ಎಂಬ ಮಂಡಳಿಯ ನಿಯಮಗಳೂ ಇವೆ. ಅದು ಸರಕಾರಿ ಸಂಸ್ಥೆ ಅಲ್ಲ. ಹಣ ಪಡೆದ ಬರಹಕ್ಕೆ ‘ಇದು ಜಾಹೀರಾತು’ ಎಂಬಂಥ ಚೀಟಿ ಅಂಟಿಸಿ, ಅದು ‘ಇನ್ನಷ್ಟು ಓದಿ’ ಒತ್ತದೆಯೇ ಕಣ್ಣಿಗೆ ಬೀಳಬೇಕು, ಓದುಗನಿಗೆ ಅರ್ಥವಾಗುವ ಹಾಗಿರಬೇಕು ಎನ್ನುತ್ತದೆ. ಈ ಕೊನೆಯದನ್ನು ಕನ್ನಡದಲ್ಲಿ ಬರೆಯುವ ನಮ್ಮವರು ಬಹುಪಾಲು ಪಾಲಿಸುವುದಿಲ್ಲ. ಎರಡು ಸಾವಿರ ಪದ ಕನ್ನಡದಲ್ಲಿ ಬರೆದು, ಅಡಿಯಲ್ಲಿ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ ‘ಅಫಿಲಿಯೇಟ್ ಲಿಂಕ್ಸ್ ಇವೆ’ ಎಂದು ಒಂದು ಸಾಲು ಹಾಕಿ ಕೈ ತೊಳೆದುಕೊಳ್ಳುತ್ತಾರೆ. ನಿಮ್ಮ ಬರಹ ಓದಿ ದೋಟಿ ಕೊಳ್ಳುವ ಅರವತ್ತು ವರ್ಷದ ಹೆಗಡೇರಿಗೆ ಅಫಿಲಿಯೇಟ್ ಎಂದರೇನು ಗೊತ್ತು? ಕಮಿಷನ್ ಎಂದರೆ ಚೆನ್ನಾಗಿ ಗೊತ್ತು. ದಲಾಲಿ ಅಂದರೆ ಇನ್ನೂ ಚೆನ್ನಾಗಿ ಗೊತ್ತು. ಅಡಿಕೆ ಮಾರಿ ಬಂದ ಪಟ್ಟಿಯಲ್ಲಿ ಕಮಿಷನ್, ಹಮಾಲಿ ಎಲ್ಲ ಬೇರೆ ಬೇರೆ ಸಾಲಿನಲ್ಲಿ ನೋಡಿ ಬೆಳೆದವರು ಅವರು. ಕಮಿಷನ್ ತೆಗೆದುಕೊಂಡದ್ದಕ್ಕೆ ಯಾರೂ ಸಿಟ್ಟಾಗುವುದಿಲ್ಲ. ಪಟ್ಟಿಯಲ್ಲಿ ತೋರಿಸದೆ ಹಿಡಿದುಕೊಂಡರೆ ಸಿಟ್ಟಾಗುತ್ತಾರೆ. ಆದ್ದರಿಂದ ಮೊದಲ ಎರಡು ಸಾಲಿನಲ್ಲೇ ಬರೆಯಿರಿ: ‘ಇಲ್ಲಿನ ಲಿಂಕಿನಿಂದ ನೀವು ಈ ದೋಟಿ ಕೊಂಡರೆ ಕಂಪನಿ ನನಗೆ 1,500 ರೂಪಾಯಿ ಕಮಿಷನ್ ಕೊಡುತ್ತದೆ.’ ‘ನಿಮಗೇನೂ ಹೆಚ್ಚಿನ ಖರ್ಚಿಲ್ಲ’ ಎಂಬ ಸಾಲನ್ನು ಎಲ್ಲರೂ ನಕಲು ಮಾಡುತ್ತಾರೆ. ಅದನ್ನು ಸೇರಿಸುವ ಮುಂಚೆ ಸಿರ್ಸಿಯ ಅಂಗಡಿಯಲ್ಲಿ ಅದೇ ದೋಟಿಯ ದರ ಕೇಳಿ ನೋಡಿ. ಅಲ್ಲಿ ಕಡಿಮೆ ಇದ್ದರೆ ಆ ಸಾಲು ಸುಳ್ಳಾಗುತ್ತದೆ.

ದೋಟಿ ನಿಮಗೆ ಪುಕ್ಕಟೆ ಬಂದಿದ್ದರೆ ಅದನ್ನೂ ಹೇಳಬೇಕು. ನಿಮ್ಮ ಪ್ರಶ್ನೆಯಲ್ಲಿ ಅದು ಸ್ಪಷ್ಟವಿಲ್ಲ. ಸ್ವಂತ ದುಡ್ಡಿನಲ್ಲಿ ಕೊಂಡಿದ್ದರೆ ದೊಡ್ಡದಾಗಿ ಹೇಳಿ, ಅದಕ್ಕಿಂತ ಒಳ್ಳೆಯ ಜಾಹೀರಾತು ಇನ್ನೊಂದಿಲ್ಲ.

ಪಾಸಿಟಿವ್ ಬರಹವನ್ನು ನಾನು ಹೀಯಾಳಿಸುತ್ತಿಲ್ಲ. ಒಳ್ಳೆಯದನ್ನು ಒಳ್ಳೆಯದು ಎಂದು ಬಾಯಿ ತುಂಬ ಹೇಳಲಿಕ್ಕೆ ಹಿಂಜರಿಯುವುದೂ ಒಂದು ರೋಗ. ಮರ ಹತ್ತಿ ಗೊನೆ ಕೊಯ್ಯುವ ಕೊನೆಗೌಡರು ಸಿಗದೆ ಗೊನೆ ಹಣ್ಣಾಗಿ ಉದುರುವ ತೋಟಕ್ಕೆ ದೋಟಿ ಬಂದಾಗ ಆ ಮನೆಯಲ್ಲಿ ಆದ ನೆಮ್ಮದಿ ಎಂಥದ್ದು ಎಂದು ನಿಮಗೆ ಗೊತ್ತಿದೆ. ಮರ ಹತ್ತುವಾಗ ಬಿದ್ದು ಸೊಂಟ ಮುರಿದುಕೊಂಡವರ ಮನೆಯವರಿಗೆ ದೋಟಿ ಎಂದರೆ ಏನು ಎಂದೂ ಗೊತ್ತಿದೆ. ಅದನ್ನು ಯಾವ ಸಂಕೋಚವೂ ಇಲ್ಲದೆ ಬರೆಯಿರಿ.

ಇದಕ್ಕೆ ವಿರುದ್ಧ ದಿಕ್ಕಿನ ಇನ್ನೊಂದು ಚಾಳಿ ಈಗ ಹಬ್ಬಿದೆ. ಪ್ರಾಮಾಣಿಕನಂತೆ ಕಾಣಬೇಕು ಎಂದು ಕೊನೆಗೊಂದು ಹುಸಿ ದೋಷ ಸೇರಿಸುವುದು: ‘ಇನ್ನೆರಡು ಬಣ್ಣ ಇದ್ದಿದ್ದರೆ ಚೆನ್ನಾಗಿತ್ತು’, ‘ಡಬ್ಬಿ ಸ್ವಲ್ಪ ದೊಡ್ಡದು’. ಮಗುವಿನ ಕೆನ್ನೆಗೆ ಇಡುವ ದೃಷ್ಟಿಬೊಟ್ಟು ಇದು. ಮಗು ಚಂದ ಇದೆ ಎಂದು ಸಾರಲಿಕ್ಕೆ ಇಟ್ಟ ಕಪ್ಪು. ಬರೀ ಹೊಗಳಿಕೆಗಿಂತ ಇದು ಹೆಚ್ಚು ಅಪ್ರಾಮಾಣಿಕ ಎಂಬುದು ನನ್ನ ಅಭಿಪ್ರಾಯ, ಯಾಕೆಂದರೆ ಹೊಗಳಿಕೆಯನ್ನು ಓದುಗ ಹೊಗಳಿಕೆ ಎಂದೇ ಓದುತ್ತಾನೆ, ಇದನ್ನು ಸತ್ಯ ಎಂದು ಓದುತ್ತಾನೆ. ‘ಟಾಪ್ 10’ ಪಟ್ಟಿಗಳೂ ಇದೇ ಜಾತಿ. ಒಂದೊಂದು ವಾಕ್ಯವೂ ನಿಜ ಇರಬಹುದು, ಆದರೆ ಒಂದನೇ ಸ್ಥಾನದಲ್ಲಿ ಹೆಚ್ಚು ಕಮಿಷನ್ ಕೊಡುವ ವಸ್ತು ಕೂತಿರುತ್ತದೆ. ಸುಳ್ಳು ಅಕ್ಷರದಲ್ಲಿಲ್ಲ, ಜೋಡಿಸಿದ ಕ್ರಮದಲ್ಲಿದೆ.

ಬಳಸದ ವಸ್ತುಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಎಲ್ಲವನ್ನೂ ಕೊಂಡು ಬಳಸಿ ಬರೆಯಲಿಕ್ಕೆ ಯಾರಿಗೂ ಆಗುವುದಿಲ್ಲ. ‘ನಾನು ಬಳಸಿಲ್ಲ, ಕಂಪನಿಯ ಕಾಗದದಲ್ಲಿ ಹೀಗಿದೆ, ಬಳಸಿದ ಪಕ್ಕದ ತೋಟದವರು ಹೀಗೆಂದರು’ ಎಂದು ಬರೆದರೆ ತಪ್ಪಿಲ್ಲ. ಬಳಸದೆ ‘ನಮ್ಮ ಮನೆಯಲ್ಲಿ ಎರಡು ವರ್ಷದಿಂದ’ ಎಂದು ಬರೆಯುವುದು ಮಾತ್ರ, ಮಾರಾಯ್ರೆ, ನೇರ ಸುಳ್ಳು.

ಇನ್ನು ನಿಮ್ಮ ಕರಡು. ಎರಡನೇ ಪ್ಯಾರಾದಲ್ಲಿ ‘ಯಾರು ಬೇಕಾದರೂ ಸಲೀಸಾಗಿ ಬಳಸಬಹುದಾದ ಅದ್ಭುತ ಸಾಧನ’ ಎಂದಿದ್ದೀರಿ. ಆರನೇ ಪ್ಯಾರಾದಲ್ಲಿ ಕುತ್ತಿಗೆ ನೋವು. ಓದುಗ ಎರಡನೆಯದನ್ನು ಓದಿ ನಂಬಿ ಲಿಂಕ್ ಒತ್ತುತ್ತಾನೆ, ಅಥವಾ ಆರನೆಯದನ್ನು ಓದಿ ಮೋಸ ಹೋದೆ ಎಂದುಕೊಳ್ಳುತ್ತಾನೆ. ಗುಣ ಒಂದು ಕಡೆ, ದೋಷ ಒಂದು ಕಡೆ ಗುಡ್ಡೆ ಹಾಕಿದ್ದರಿಂದ ಹೀಗಾಗಿದೆ. ಎರಡನ್ನೂ ಒಂದೇ ವಾಕ್ಯಕ್ಕೆ ತನ್ನಿ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

‘ನಮ್ಮದು ಎರಡು ಎಕರೆ ಹಳೆಯ ತೋಟ. ಈ ವರ್ಷ ಮರ ಹತ್ತಲಿಕ್ಕೆ ಯಾರನ್ನೂ ಕರೆಯಲಿಲ್ಲ, ಪೂರ್ತಿ ಕೊಯ್ಲು ದೋಟಿಯಲ್ಲೇ ಆಯಿತು. 40 ಅಡಿವರೆಗಿನ ಮರಕ್ಕೆ ಒಂದು ದಿನದಲ್ಲಿ ಕೈ ಕೂರುತ್ತದೆ. ಅದಕ್ಕಿಂತ ಎತ್ತರಕ್ಕೆ ದೋಟಿ ಬಳುಕುತ್ತದೆ, ಗಾಳಿ ಇದ್ದರೆ ಕತ್ತಿಯನ್ನು ಗೊನೆಯ ಬುಡಕ್ಕೆ ಕೂರಿಸಲಿಕ್ಕೆ ಅಭ್ಯಾಸ ಬೇಕು. ನನಗೆ ಒಂದು ವಾರ ಹಿಡಿಯಿತು. ದಿನವಿಡೀ ಮೇಲೆ ನೋಡಿ ಕುತ್ತಿಗೆ ನೋಯುತ್ತದೆ, ನಾವು ಇಬ್ಬರು ಗಂಟೆಗೊಮ್ಮೆ ಕೈ ಬದಲಾಯಿಸುತ್ತಿದ್ದೆವು. ಒಬ್ಬರೇ ಇರುವ ಮನೆಗೆ, ಕುತ್ತಿಗೆ ಬೆನ್ನಿನ ತೊಂದರೆ ಇರುವವರಿಗೆ, ತೋಟದ ಮೇಲೆ ತಂತಿ ಹಾದುಹೋಗಿರುವವರಿಗೆ ಇದು ಬೇಡ.’

ನಿಮ್ಮ ಅನುಭವದ ಅಳತೆ ನನ್ನದಕ್ಕೆ ಹೊಂದದಿದ್ದರೆ ನಿಮ್ಮ ಅಂಕೆ ಹಾಕಿಕೊಳ್ಳಿ. ಗಮನಿಸಿ, ಇದರಲ್ಲಿ ‘ಅದ್ಭುತ’ ಇಲ್ಲ, ‘ನಿರಾಸೆ’ಯೂ ಇಲ್ಲ. ಆದರೂ ಎರಡು ಎಕರೆ ಇದ್ದು, ಇಬ್ಬರು ದುಡಿಯುವವರಿದ್ದು, ಕೊನೆಗೌಡನಿಗಾಗಿ ಕಾದು ಸಾಕಾದವನು ಇದನ್ನು ಓದಿದರೆ ಕೊಳ್ಳುತ್ತಾನೆ ಎಂದು ನನಗೆ ಅನ್ನಿಸುತ್ತದೆ.

ಲಾಕಿನ ವಿಷಯದಲ್ಲಿ ಮಾತು ಬಿಗಿ ಇರಲಿ. ‘ಕಳಪೆ ಲಾಕ್ ಹಾಕಿ ರೈತರಿಗೆ ಮೋಸ’ ಎಂದರೆ ಅದು ನಿಮ್ಮ ಊಹೆ, ಕಂಪನಿ ವಕೀಲರಿಂದ ಪತ್ರ ಬರೆಸಬಹುದು. ‘ನನಗೆ ಬಂದ ದೋಟಿಯ ಎರಡನೇ ಲಾಕ್ ಎರಡು ತಿಂಗಳಲ್ಲಿ ಸಡಿಲಾಯಿತು, ಇಂಥ ದಿನ ತಿಳಿಸಿದೆ, ಇಷ್ಟು ದಿನಕ್ಕೆ ಬದಲಿ ಕಳಿಸಿದರು’ ಎಂದರೆ ನಡೆದ ಸಂಗತಿ. ಬದಲಿ ಬೇಗ ಬಂದಿದ್ದರೆ ಅದೂ ಕಂಪನಿಯ ಗುಣವೇ, ಅದನ್ನೂ ಸೇರಿಸಿ.

ಕಂಪನಿಗೆ ಈ ಹೊಸ ಕರಡನ್ನು ಕಳಿಸಿ, ತಂತಿಯ ಸಾಲು ತೆಗೆಯುವುದಿಲ್ಲ, ಉಳಿದದ್ದರಲ್ಲಿ ತಪ್ಪು ಮಾಹಿತಿ ಇದ್ದರೆ ತಿದ್ದುತ್ತೇನೆ ಎಂದು ಹೇಳಿ. ಒಪ್ಪಿದರೆ ಒಳ್ಳೆಯದು. ಒಪ್ಪದಿದ್ದರೆ ಲಿಂಕ್ ಬಿಟ್ಟು ಬರಹವನ್ನು ಹಾಗೆಯೇ ಪ್ರಕಟಿಸಿ, 1,500 ರೂಪಾಯಿಯ ಸಾಲನ್ನು ಅಳಿಸಿ.

ಇನ್ನೊಂದು, ಕರಡಿನಲ್ಲಿ ನನಗೆ ಕಾಣದೆ ಹೋದದ್ದು: ಲಾಕ್, ಕತ್ತಿ, ಪೈಪಿನ ಕ್ಲಿಪ್ಪು ಇವು ಬಿಡಿಯಾಗಿ ಸಿರ್ಸಿಯಲ್ಲೋ ಕುಮಟೆಯಲ್ಲೋ ಸಿಗುತ್ತವೆಯೇ, ಅಥವಾ ಪ್ರತಿ ಸಲ ಕಂಪನಿಗೇ ಫೋನ್ ಮಾಡಬೇಕೇ? ಕೊಯ್ಲಿನ ನಡುವೆ ಲಾಕ್ ಹೋದರೆ ಓದುಗ ಮೊದಲು ಕೇಳುವುದು ಅದನ್ನೇ. ಪೇಟೆಗೆ ಹೋದಾಗ ನಾಲ್ಕು ಅಂಗಡಿಯಲ್ಲಿ ವಿಚಾರಿಸಿ, ದರ ಸಮೇತ ಸೇರಿಸಿ.